ಕುಣ್ಯಾಗ ಕುಂತವರಿಗೆ ಬಂದ ಕುರ್ಚಿ

ನಮ್ಮ ಮನಿಯವರಿಗೆ,

ಏನ್ರಿ, ಕೇಳಸಾಕತ್ತೈತೇನ್ರಿ? ನಾ ನೀಲವ್ವ ಬರ್ಯಾಕತ್ತೇನಿ. ಸಾಲ್ಯಾಗ ನಾಕನೇತ್ತೆ ದಾಟಲಾರದಾಕಿ, ನನ್ನ ಅಕ್ಷರ ಕೋಳಿ ಕೆದರಿದಂಗ ಅದಾವು, ನಗಬ್ಯಾಡ್ರಿ. ನೀವು ಇದ್ದಾಗ ನಿಮಗ ಒಂದು ಚೀಟಿ ಬರದಾಕಿ ಅಲ್ಲ ನಾ. ಅಡಗಿ ಮನಿಯಿಂದ ಒದರಿದ್ರ ಮಗ್ಗದ ಕುಣಿತನಾ ಕೇಳತಿತ್ತು. ಕೇಳಿದ್ರೂ ಕೇಳದಂಗ ಕುಂಡ್ರತಿದ್ರಿ, ಅದು ಬ್ಯಾರೆ ಮಾತು. ಈಗ ಎಷ್ಟು ಒದರಿದ್ರ ನಿಮಗ ಮುಟ್ಟತೈತೋ ಏನೋ... ಅದಕ್ಕ ಮೊಮ್ಮಗನ ಕಡಿಂದ ಒಂದೀಟು ಹಾಳಿ ಇಸ್ಕೊಂಡು ಕುಂತೇನಿ.

ಸುದ್ದಿ ಏನಂದ್ರ, ನಿಮಗ ಕುರ್ಚಿ ಬಂತು. ಹೌದ್ರಿ, ಅದ ಕುರ್ಚಿ. ನೇಕಾರರ ಮಂಡಳಿಗೆ ನಿಮ್ಮನ್ನ ಡೈರೆಕ್ಟರ್ ಮಾಡ್ಯಾರಂತ ಸರಕಾರದ ಆರ್ಡರ್ ಬಂತು. ನಿಮ್ಮನ್ನ ಮಣ್ಣು ಮಾಡಿ, ನಿಮ್ಮ ಧೋತರ ಮಂದಿಗಿ ಕೊಟ್ಟು, ನಿಮ್ಮ ಮಗ್ಗದ ಮ್ಯಾಲ ಜೇಡ ಬಲಿ ಕಟ್ಟಿದ ಮ್ಯಾಲ ಬಂತು.

ಆ ಮುಂಜಾನಿ ನಾ ಅಂಗಳದಾಗ ಮೆಣಸಿನಕಾಯಿ ಹರವಾಕತ್ತಿದ್ದೆ. ಎರಡು ಗಾಡಿ ಬಂದು ನಿಂತು, ಕೊಳ್ಳಾಗ ಶಾಲು ಹಾಕ್ಕೊಂಡ ಹುಡುಗೂರು ಧುಮುಕಿದ್ರು. ಹುನಗುಂದದ ಕಡಿಯವರು, ಒಬ್ಬಾಂವೂ ಗುರ್ತಿನಾಂವಲ್ಲ. ಒಬ್ಬನ ಕೈಯಾಗ ನನ್ನಷ್ಟ ಉದ್ದ ಹಾರ. "ಆಯಿ, ಡೈರೆಕ್ಟರ್ ಸಾಹೇಬರು ಎಲ್ಲೆದಾರ್ರಿ?" ಅಂದ. "ಯಾವ ಡೈರೆಕ್ಟರ್ ಲೇ?" ಅಂದೆ. ಅಂವ ನಿಮ್ಮ ಹೆಸರು ಹೇಳಿದ, ನಿಮ್ಮ ಅಪ್ಪನ ಹೆಸರು ಹೇಳಿದ, ಅಡ್ಡಹೆಸರೂ ಹೇಳಿದ. ನಾ ಏನ ಹೇಳ್ಲಿ? ಒಳಗ ಕರಕೊಂಡು ಹೋಗಿ ಗ್ವಾಡಿ ತೋರಿಸಿದೆ. "ಅಲ್ಲೆದಾರ ನೋಡಪಾ. ಕೈಗಿ ನಿಲುಕತಾರೇನು ನೋಡು." ಅಂವ ಫೋಟೋ ನೋಡಿದ, ನನ್ನ ಬರೇ ಕೊಳ್ಳು ನೋಡಿದ, ಮತ್ತ ಫೋಟೋ ನೋಡಿದ. ಹಾರ ಹೊತ್ತು ಬಂದಾವಗ ಅದನ್ನ ಎಲ್ಲಿ ಇಡಬೇಕಂತ ತಿಳೀಲಿಲ್ಲ. ಕಡೀಕ ನಿಮ್ಮ ಫೋಟೋಕ್ಕ ಹಾಕಿದ, ಒಣಗಿದ ಹಾರದ ಮ್ಯಾಲ ಹಸೀ ಹಾರ. ಅಷ್ಟರಾಗ ಹೊರಗ ನಿಂತವರು ಪಟಾಕಿ ಹಚ್ಚಿದ್ರು. ಅವರಿಗೇನು ಗೊತ್ತು? ಮೆಣಸಿನಕಾಯಿ ತುಂಬ ಪಟಾಕಿ ಕಾಗದ ಬಿತ್ತು. ಯಾವುದು ಕೆಂಪು ಕಾಗದ, ಯಾವುದು ಕೆಂಪು ಕಾಯಿ, ಆರಿಸಿ ಆರಿಸಿ ನನ್ನ ಕಣ್ಣು ಉರದ್ವು.

ಈ ಕುರ್ಚಿಗಿ ನೀವು ಎಷ್ಟು ದಾರಿ ಕಾದ್ರಿ ಅನ್ನೂದು ನನಗ ನೆನಪಿಲ್ಲೇನು? ಪ್ರತಿ ಇಲೆಕ್ಷನ್‌ದಾಗ ನಿಮ್ಮ ಗೌಡ ನಮ್ಮ ಕಟ್ಟಿಗಿ ಬಂದು ಕುಂತು, "ಕಾಕಾ, ಈ ಸಲ ಆರಿಸಿ ಬಂದ ಕೂಡ್ಲೆ ನಿಮ್ಮನ್ನ ಮಂಡಳಿಗೆ ಹಾಕ್ತೇನಿ, ನೇಕಾರರ ಕಷ್ಟ ನೇಕಾರಗ ಗೊತ್ತು" ಅಂತಿದ್ದ. ನೀವು ಅರ್ಧಾ ಸೀರಿ ಮಗ್ಗದ ಮ್ಯಾಲ ಬಿಟ್ಟು ಅಂಟಿನ ಡಬ್ಬಿ ಹಿಡಕೊಂಡು ಪೋಸ್ಟರ್ ಹಚ್ಚಾಕ ಹೋಗ್ತಿದ್ರಿ. ನಾ ಅಂತಿದ್ದೆ, "ಆ ಗೌಡನ ಮಾರಿ ಊರ ಗ್ವಾಡಿಗೆಲ್ಲಾ ಹಚ್ಚೀರಿ, ನಿಮ್ಮ ಮಾರಿ ಅಂವ ಎಲ್ಲಿ ಹಚ್ಚತಾನ ನೋಡೂಣು." ನೀವು ನಗತಿದ್ರಿ. ಒಂದು ಸಲ ಅಂವ ಖರೇನ ಗೆದ್ದ, ಆವಾಗ ಇಳಕಲ್ಲಿಗೆ ಹೋಗಿ ಜಾಕೀಟು ಹೊಲಿಸ್ಕೊಂಡು ಬಂದ್ರಿ. ಕಂದು ಬಣ್ಣದ್ದು. ಮೊದಲನೇ ಮೀಟಿಂಗಿಗಿ ಹಾಕ್ಕೊಳ್ಳಾಕ ಅಂತ ಡಾಂಬರಗುಳಿಗಿ ಹಾಕಿ ಟ್ರಂಕಿನ್ಯಾಗ ಇಟ್ರಿ. ಅದು ಅಲ್ಲೇ ಇತ್ತು. ನೀವು ಅದನ್ನ ಒಂದು ಸಲ ಮೈಮ್ಯಾಲ ಹಿಡಿದು ಕನ್ನಡ್ಯಾಗ ನೋಡ್ಕೊಂಡಿದ್ರಿ, ಅಷ್ಟ. ನಾ ಬಾಗಲದಾಗ ನಿಂತದ್ದು ನಿಮಗ ಗೊತ್ತಾಗ್ಲಿಲ್ಲ.

ನಿಮ್ಮನ್ನ ಮಣ್ಣಾಗ ಕುಂಡ್ರಿಸಿದ ದಿನಾನೂ ಗೌಡ ಬಂದಿದ್ದ. ಬರಲಿಲ್ಲಂತ ಅನ್ನಾಂಗಿಲ್ಲ. ಕಣ್ಣಾಗ ನೀರು ತಂದ, ತಾನೂ ಒಂದು ಹಿಡಿ ಮಣ್ಣು ಹಾಕಿದ. ನಮ್ಮ ಮಂದ್ಯಾಗ ಹೋದವರನ್ನ ಮಲಗಸೂದಿಲ್ಲ, ಕುಂಡ್ರಸತಾರ. ನಿಮ್ಮನ್ನ ಕುಣ್ಯಾಗ ಇಳಿಸಿ ಕುಂಡ್ರಿಸಿದಾಗ ನನಗ ಅಳು ಬರಲಿಲ್ಲ. ದಿನಾ ನೋಡಿದ ನೋಟ ಅದು. ಮಗ್ಗದ ಕುಣ್ಯಾಗ ಕಾಲು ಬಿಟ್ಟು ಕುಂತು ಜನ್ಮ ತೆಗದ್ರಿ, ಅಲ್ಲೂ ಹಂಗ ಕುಂತ್ರಿ, ತಲಿ ಒಂದೀಟು ಬಾಗಿಸಿ, ಎಳಿ ಹರದೈತೇನು ನೋಡೂವರಂಗ. ಅವತ್ತ ನನಗ ಅನಿಸಿದ್ದು ಒಂದ, ಈ ಮನಷ್ಯಾಗ ಒಂದು ದಿನರ ಕಾಲು ನೆಲಕ್ಕ ಊರಿ ಕುರ್ಚಿ ಮ್ಯಾಲ ಕುಂಡ್ರೂದು ಬರಲೇ ಇಲ್ಲಲ್ಲ ಅಂತ. ಬಾಯಿಲೆ ಅಂದಿರಲಿಲ್ಲ ನಾ. ಆ ದೇವರಿಗಿ ಅದ ಮಾತು ಯಾಕ ಕೇಳಿಸ್ಬೇಕಿತ್ತು?

ಆರ್ಡರ್ ಬಂದ ಮ್ಯಾಲ ಮನಿ ಮನಿಯಾಗಿ ಉಳೀಲಿಲ್ರಿ. ನಿಮ್ಮ ನಂಬರಿನ ಫೋನು ರತ್ನಾ ಇಟ್ಕೊಂಡಾಳ, ನಮ್ಮ ಮಗ ಮಲ್ಲಪ್ಪನ ಹೇಣ್ತಿ; ಅಂವ ದುಡಿಯಾಕ ಹೋದ ಊರಾಗ ಅದಾನ. ಬೆಂಗಳೂರಿಂದ ಒಬ್ಬಾಕಿ ಫೋನು ಮಾಡಿದ್ಳು. "ಸಾರ್ ಇದ್ದಾರಾ ಅಮ್ಮ?" ಅಂದ್ಳು, ನುಣ್ಣನೆ ಮಾತು. "ಅದಾರವಾ, ಆದ್ರ ಮಾತಾಡೂದಿಲ್ಲ" ಅಂದೆ. "ಮೀಟಿಂಗ್‌ನಲ್ಲಿದ್ದಾರಾ?" ಅಂದ್ಳು. "ಹೌದವಾ, ಭಾಳ ದೊಡ್ಡ ಮೀಟಿಂಗ್. ಹೋದವರು ಯಾರೂ ಹೊಳ್ಳಿ ಬಂದಿಲ್ಲ" ಅಂದೆ. "ಬಂದ ಮೇಲೆ ಹೇಳಿ" ಅಂತ ಇಟ್ಳು. ಊರಾಗ ಮಂದಿಗಿ ನೀವು ಇಲ್ಲಂತ ಗೊತ್ತು, ಆದ್ರೂ ಬಂದು ನಿಮ್ಮ ಫೋಟೋದ ಕೆಳಗ ಅರ್ಜಿ ಇಟ್ಟು ಹೋದ್ರು. ಯಾರೋ ಮಗ್ಗ ಬೇಕಂದ್ರು, ಯಾರೋ ಪಿಂಚಣಿ. ದೇವರ ಮುಂದ ಊದಿನಕಡ್ಡಿ ಹಚ್ಚಿದಂಗ ಹಚ್ಚಿದ್ರು. ನಾ ಮೂಲ್ಯಾಗ ಕುಂತು ನೋಡಿದೆ. ಜೀವಂತ ಇದ್ದಾಗ ಇವರು ನಿಮ್ಮನ್ನ ಇಷ್ಟು ಕೇಳಿದ್ರೇನು?

ಆವಾಗಿಂದನ ಸಪ್ಪಳ ಶುರುವಾತು. ಮಧ್ಯಾಹ್ನ ಉಂಡು ಅಡ್ಡಾಗ್ತೇನಲ್ರಿ, ಕಣ್ಣಿಗಿ ಜೊಂಪು ಹತ್ತೂದ ತಡಾ, ಮಗ್ಗದ ಖೋಲ್ಯಾಗ ಟಕ್... ಟಕ್... ನೂಲು ಬಡಿಯೂ ಹಲಗಿ ಸಪ್ಪಳ. ಎದ್ದು ಹೋಗಿ ನೋಡಿದ್ರ ಏನೂ ಇಲ್ಲ. ಬಲಿ ಹಂಗ ಐತಿ, ಲಾಳಿ ಇಟ್ಟಲ್ಲೇ ಐತಿ. "ಇಲಿ ಇರಬೇಕು ಅತ್ತಿ" ಅಂದ್ಳು ರತ್ನಾ. ಇಲಿಗಿ ನಿಮ್ಮ ಕೈಯಿನ ತಾಳ ಹ್ಯಾಂಗ ಗೊತ್ತಾತು? ಎರಡು ಹೊಡದು ಒಂದೀಟು ತಡದು ಮತ್ತೊಂದು ಹೊಡಿಯೂದು ನಮ್ಮೂರು ಗುಡೂರಾಗ ಮತ್ಯಾರದ ಅಭ್ಯಾಸ? ನನಗ ಅಂಜಿಕಿ ಆಗಲಿಲ್ಲ, ಸಿಟ್ಟು ಬಂತು. ಸುಮ್ಮನ ಕುಂತವರನ್ನ ಹೆಸರು ಹಿಡದು ಎಬ್ಬಿಸ್ಯಾರ ಅನ್ನಿಸ್ತು. ನಾನು ಜನ್ಮದಾಗ ಹಿಡದು ಕರೀಲಾರದ ಹೆಸರು, ಹಾದಿ ಮ್ಯಾಲಿನವರೆಲ್ಲಾ ಹಿಡದು ಕೂಗಾಕತ್ರ ನೀವರ ಹ್ಯಾಂಗ ಸುಮ್ಮನ ಕುಂಡ್ರಬೇಕು?

ಆ ವಾರದಾಗನ ಗೌಡ ತಾನ ಬಂದ. ಅಂವಗೂ ಕುರ್ಚಿ ಸಿಕ್ಕೈತ್ರಿ. ಇಲೆಕ್ಷನ್ ಸೋತ, ಸೋತಾವಗ ಸಮಾಧಾನಕ್ಕ ಅಂತ ಅದ ಮಂಡಳಿಗೆ ಅಧ್ಯಕ್ಷ ಮಾಡ್ಯಾರ. ಒಂದು ದಿನಾ ಲಾಳಿ ಮುಟ್ಟಿದಾಂವಲ್ಲ. ಕಟ್ಟಿ ಮ್ಯಾಲ ಹಳೇ ಜಾಗಾದಾಗ ಕುಂತು ಚಾ ಕುಡದ.

"ನೀಲವ್ವಾ, ಕಾಕಾ ಇಲ್ಲಂತ ನನಗ ಗೊತ್ತಿಲ್ಲೇನು? ಹಿಂದ ಯಾವಾಗೋ ಹೆಸರು ಕೊಟ್ಟಿದ್ದೆ. ಫೈಲು ಅಲ್ಲೆ ಎಲ್ಲೋ ಕುಂತಿತ್ತು, ಈಗ ಎದ್ದೈತಿ."

"ಫೈಲಿಗಿ ಎದ್ದು ಬರಾಕ ಬರತೈತಿ ಗೌಡ್ರ, ಮನಷ್ಯಾಗ ಬರೂದಿಲ್ಲ."

"ಮನಷ್ಯಾ ಅದಾನಲ್ಲ" ಅಂದ. ಪಡಸಾಲ್ಯಾಗ ನಿಂತಿದ್ದ ನಮ್ಮ ಮೊಮ್ಮಗ ಮರಿ ಕಡೆ ನೋಡಿದ. "ಇವನ ಹೆಸರೂ ಕಾಕಾಂದ. ಅಪ್ಪನ ಹೆಸರೂ ಅದ. ಅಡ್ಡಹೆಸರು ಅದ, ಊರು ಅದ. ಆರ್ಡರ್ ತಿದ್ದೂದ ಬ್ಯಾಡ. ರದ್ದು ಮಾಡಿಸಾಕ ಹೋದ್ರ ನಡುವ ಬ್ಯಾರೆಯವರು ಬಂದು ಕುಂಡ್ರತಾರ. ಹುಡುಗ ಕುಂಡ್ರಲಿ. ಯಾರು ಕೇಳಾಕ ಬರ್ತಾರ?"

ನೋಡ್ರಿ, ನಮ್ಮ ರೂಢಿ ಅಂವಗ ಎಷ್ಟು ಅನುಕೂಲ ಆತು! ನಿಮ್ಮ ಅಪ್ಪ ಮಲ್ಲಪ್ಪ, ಅವರ ಹೆಸರು ನೀವು ಮಗನಿಗಿ ಇಟ್ರಿ. ಮಗ ನಿಮ್ಮ ಹೆಸರು ತನ್ನ ಮಗನಿಗಿ ಇಟ್ಟ. ಮೊಮ್ಮಗ ಅಂದ್ರ ಹೆಸರಿನ್ಯಾಗ ಪೂರ್ತಿ ನೀವ. ಆ ತೊಟ್ಟಿಲ ದಿನಾ ನೆನಪೈತೇನ್ರಿ? "ಜೀವಂತ ಇದ್ದವರ ಹೆಸರು ಇಡಬ್ಯಾಡ್ರೋ" ಅಂತ ನಾ ಬಡಕೊಂಡೆ. ನೀವು ಏನಂದ್ರಿ? "ಇರಲಿ ಬಿಡ. ನನ್ನ ಹೆಸರು ನನ್ನ ಮುಂದ ಹ್ಯಾಂಗ ಓಡ್ಯಾಡತೈತಿ ನೋಡಿ ಹೋಗ್ತೇನಿ" ಅಂದ್ರಿ. ನೀವೇನೋ ನೋಡಿ ಹೋದ್ರಿ. ನನ್ನ ಗತಿ? ಗಂಡನ ಹೆಸರು ಬಾಯಿಲೆ ಅನ್ನಾಂಗಿಲ್ಲ, ಅದಕ್ಕ ಆ ಕೂಸಿಗಿ "ಮರಿ" ಅಂದೆ. ಮೀಸಿ ಬಂದ್ರೂ ಮರಿ, ಇಳಕಲ್ಲಿನ ಸೀರಿ ಅಂಗಡ್ಯಾಗ ಕೆಲಸಕ್ಕ ಹತ್ತಿದ್ರೂ ಮರಿ. ಒಂದು ಸಲಾನೂ ಅದರ ಹೆಸರಿಲೆ ಕರೀಲಿಲ್ಲ ನಾ.

ರತ್ನಾನ ಮಾರಿ ಅವತ್ತ ನೀವು ನೋಡಬೇಕಿತ್ತು, ದೀಪ ಹಚ್ಚಿಟ್ಟಂಗ ಆಗಿತ್ತು. ಬನಶಂಕರಿಗಿ ಹೋಗಿ ಉಡಿ ತುಂಬತೇನಂತ ಹರಕಿ ಹೊತ್ತಳು. "ಅತ್ತಿ, ನನ್ನ ಮಗ ಮಂದಿ ಮುಂದ ಸೀರಿ ಬಿಚ್ಚಿ ತೋರಿಸಿ, ಅವರು ಒಲ್ಲೆ ಅಂದ ಮ್ಯಾಲ ಮಡಚಿ ಇಟ್ಟು ಮುದುಕ ಆಗಬೇಕೇನು? ಮಾವ ಬಯಸಿದ್ದು ಮೊಮ್ಮಗನಿಗರ ಬರಲಿ" ಅಂದ್ಳು. "ಬಯಸಿದವರದು ಬಯಸಿದವರಿಗಿ ಬರಲಿಲ್ಲ ಬಿಡ" ಅಂದ್ರ, "ನಿಮಗ ನಿಮ್ಮ ಗಂಡನ ಹೆಸರಿನ ಚಿಂತಿ, ನನಗ ನನ್ನ ಮಗನ ಚಿಂತಿ" ಅಂದ್ಳು. "ಎರಡೂ ಒಂದ ಹೆಸರಲ್ಲೇನ ರತ್ನಾ?" ಅಂದೆ. ಆಕೀದು ತಪ್ಪು ಅನ್ನೂದಿಲ್ರಿ ನಾ. ತಾಯಿ ಆದಾಕಿ ಮತ್ತೇನಂದಾಳು?

ನೂಲಿಗಿ ಬಣ್ಣ ಹಾಕೂ ಮಾಬೂಬಿ ಬಂದದ್ದು ಅದರ ಮರುದಿನ. ಬಣ್ಣದ ಶೆಡ್ಡಿನಿಂದ ನೆಟ್ಟಗ ಬಂದಿದ್ಳು, ಮೊಣಕೈತನಾ ಕೆಂಪು. ಆ ಶೆಡ್ಡು ನೀವ ತಂದದ್ದು ಅಲ್ಲೇನ್ರಿ? ಮೊದಲು ಎಲ್ಲಾರೂ ಅಂಗಳದಾಗ ನೂಲಿಗಿ ಬಣ್ಣ ಹಾಕಿ, ಓಣಿ ತುಂಬ ಕೆಂಪು ನೀರು, ಹುಡುಗೂರ ಕಾಲಾಗ ಹುಣ್ಣು. ನೀವು ಆಫೀಸು ಆಫೀಸು ತಿರಗಿ ಚಪ್ಪಲಿ ಸವೆಸಿ, ಮಂಡಳಿ ಕಡಿಂದ ಊರ ಹೊರಗ ಆ ಶೆಡ್ಡು ಹಾಕಿಸಿದ್ರಿ. ಈಗ ಊರ ಅರ್ಧಾ ಹೆಂಗಸರು ಅಲ್ಲೇ ದುಡೀತಾರ. ಮಾಬೂಬಿ ನನ್ನ ದಾಟಿ ಒಳಗ ಬಂದ್ಳು. ನಿಮ್ಮ ಫೋಟೋದ ಮುಂದ ಹೋಗಿ ನಿಂತ್ಳು.

"ಅಣ್ಣಾ, ನಿನ್ನ ಹೆಸರಿನ ಮ್ಯಾಲ ನಮ್ಮ ಶೆಡ್ಡು ಹೊಂಟೈತಿ ನೋಡು" ಅಂದ್ಳು.

ನಾ ಕೈ ಹಿಡದು ಕುಂಡ್ರಿಸಿ ಕೇಳಿದೆ. ಟೇಪು ಹಿಡದು ಅಳತಿ ಮಾಡಾಕ ಬಂದವರು ಆಕಿ ಮುಂದ ಹೇಳಿದ್ರಂತ. ಆ ಜಾಗಾದಾಗ ಗೌಡನ ಅಳಿಯ ಕಲ್ಯಾಣ ಮಂಟಪ ಕಟ್ಟತಾನಂತ. ಜಾಗಾ ಮಂಡಳೀದು, ಊರಿನ ಡೈರೆಕ್ಟರ್ ಹೂಂ ಅನ್ನದ ಕೊಡಾಕ ಬರೂದಿಲ್ಲಂತ. ಗುಡೂರಿನ ಡೈರೆಕ್ಟರ್ ಯಾರು? ನೀವು.

ಆವಾಗ ನನ್ನ ತಲಿಗಿ ಹೊಳೀತು. ಫೈಲು ತಪ್ಪಿ ಎದ್ದಿತ್ತೋ ಏನೋ, ಎದ್ದ ಮ್ಯಾಲ ಅದನ್ನ ಯಾಕ ಮಲಗಸಲಿಲ್ಲ ಅನ್ನೂದು ತಿಳೀತು. ಜೀವಂತ ಡೈರೆಕ್ಟರ್ ಆದ್ರ ಊರಿನವರು ನಾಳೆ ಮನಿಗಿ ಬಂದು ಕೊಳ್ಳಪಟ್ಟಿ ಹಿಡೀತಾರ, ಯಾಕ ಹೂಂ ಅಂದಿ ಅಂತ ಕೇಳ್ತಾರ. ಸತ್ತಾವನ್ನ ಯಾರು ಕೇಳಬೇಕು? ಎಲ್ಲಿ ಹೋಗಿ ಕೇಳಬೇಕು?

ಮರಿ ಅಂಗಡಿಯಿಂದ ಬಂದ ಕೂಡ್ಲೆ ಮಾಬೂಬಿ ಅಂದದ್ದು ಎಲ್ಲಾ ಹೇಳಿದೆ. ಅಂವ ಕೈಕಾಲು ತೊಳಕೊಂಡು ಬಂದು ತಲಿ ಬಾಗಿಸಿ ಕುಂತ. ನಿಮ್ಮಂಗ. "ಆಯಿ, ನಾ ಹೋಗ್ಲಿಲ್ಲಂದ್ರ ಬ್ಯಾರೆಯಾಂವ ಹೋಗ್ತಾನ. ನಾ ಒಳಗ ಕುಂತ್ರ ಶೆಡ್ಡು ಉಳಸಾಕ ಬಂದೀತು" ಅಂದ.

"ನೀ ಕುಂತ್ರ ನೀ ಕುಂತಂಗ ಅಲ್ಲೋ ಮರಿ. ಮುತ್ಯಾ ಕುಂತಂಗ. ಅಲ್ಲಿ ನೀ ಬ್ಯಾಡ ಅಂದ್ರ ಗೌಡ ಏನಂತಾನ? ಈ ಹುಡುಗ ಖೋಟಾ ಅಂತಾನ. ಹೂಂ ಅಂದ್ರಷ್ಟ ನೀ ಖರೆ."

ಅಂವ ನನ್ನ ಮಾರಿ ನೋಡಿದ. ಇಷ್ಟು ದೊಡ್ಡ ಹುಡುಗನ ಕಣ್ಣಾಗ ನೀರು ಬರೂದು ಅಂದ್ರ... "ಒಂದು ಸಲರ ಮಂದಿ ನನ್ನ ಹೆಸರು ಹಿಡದು ರೀ ಅಂತಾರಂತ ಅನಕೊಂಡಿದ್ನಿ ಆಯಿ" ಅಂದ. ನಾನ ಅಲ್ಲೇನು ಅದನ್ನ ಅಂವಗ ಕೊಡಲಾರದಾಕಿ? "ಹೋಗು. ಖರೆ ನಾನೂ ಬರ್ತೇನಿ" ಅಂದೆ.

ಮೀಟಿಂಗಿನ ದಿನಾ ಗೌಡ ಗಾಡಿ ಕಳಿಸಿದ್ದ. ರತ್ನಾ ಟ್ರಂಕು ತಗದು ಆ ಜಾಕೀಟು ಅಂವಗ ಹಾಕಿದ್ಳು. ಅಳತಿ ಕೊಟ್ಟು ಹೊಲಿಸಿದಂಗ ಕುಂತಿತ್ರಿ, ಏನ ಹೇಳ್ಲಿ! ಭುಜ ನಿಮ್ಮದ, ಎದಿ ನಿಮ್ಮದ. ಗಾಡ್ಯಾಗ ನಾ ಹಿಂದ, ಅಂವ ಮುಂದ. ಅಮೀನಗಡ ದಾಟಿದ್ವಿ, ಕಮತಗಿ ದಾಟಿದ್ವಿ, ಗಾಡಿ ತುಂಬ ಡಾಂಬರಗುಳಿಗಿ ವಾಸನಿ. ನನ್ನ ಕಣ್ಣು ಅಂವನ ಕುತ್ತಿಗಿ ಮ್ಯಾಲಿಂದ ಏಳವಲ್ದು. ಅಲ್ಲಿ ಕೂದಲದಾಗ ಸುಳಿ ಐತಲ್ಲ, ನಿಮಗಿದ್ದ ಜಾಗಾದಾಗನ... ನಾ ಬೇಕಂತ ಅನ್ನಲಿಲ್ರಿ, ಬಾಯಿಂದ ಬಿತ್ತು. "ಏನ್ರಿ" ಅಂದ್ನಿ. ಅಂವ ಹೊಳ್ಳಿ ನೋಡಿದ. "ಏನ ಆಯಿ?" ಅಂದ. "ಏನಿಲ್ಲ, ಕಿಡಕಿ ಏರಸು, ಧೂಳಿ ಬರತೈತಿ" ಅಂದೆ. ಬಾಗಲಕೋಟಿ ಮುಟ್ಟೂತನಾ ನಾ ಕಿಡಕಿ ಹೊರಗ ನೋಡ್ಕೋತ ಕುಂತೆ.

ನವನಗರದಾಗ ಮಂಡಳೀದು ದೊಡ್ಡ ಆಫೀಸು. ಬಾಗಲದಾಗ ಒಬ್ಬ ಸಿಪಾಯಿ ಅಡ್ಡ ಬಂದ. "ಆಯಿ, ನೀವು ಹೊರಗ ಕುಂಡ್ರರಿ, ಒಳಗ ಮೀಟಿಂಗ್ ಐತಿ." "ನನ್ನ ಗಂಡನ ಮೀಟಿಂಗ್ ಅದು, ನಾ ಯಾಕ ಹೊರಗ ಕುಂಡ್ರಲಿ?" ಅಂತ ಅಂದು ಒಳಗ ಹೋಗಿ ಗ್ವಾಡಿ ಮಗ್ಗಲ ಕುಂತೆ. ಉದ್ದನ ಮೇಜು, ಸುತ್ತ ಕುರ್ಚಿ, ಒಂದೊಂದು ಕುರ್ಚಿ ಮುಂದ ಒಂದೊಂದು ಹೆಸರಿನ ಹಲಗಿ. ಕೂಡಿಸಿ ಕೂಡಿಸಿ ಓದಿದೆ. ನಿಮ್ಮದು ಕಿಡಕಿ ಮಗ್ಗಲದಾಗ ಇತ್ತು. ನಿಮ್ಮ ಸಮಾಧಿ ಕಲ್ಲಿನ ಮ್ಯಾಲೂ ಅಷ್ಟು ದೊಡ್ಡ ಅಕ್ಷರ ಇಲ್ರಿ. ಅದರ ಹಿಂದಿನ ಕುರ್ಚಿ ಖಾಲಿ ಇತ್ತು. ಮರಿ ಹೋಗಿ ಕುರ್ಚಿ ಜಗ್ಗಿ ಕುಂತ, ಕೈಬಟ್ಟು ಮೇಜಿನ ಮ್ಯಾಲ ಇಟ್ಟ. ಎರಡು ಬಡದ, ಒಂದೀಟು ತಡದ, ಮತ್ತೊಂದು ಬಡದ. ನಾನು ಕಣ್ಣು ಮುಚ್ಚಿಕೊಂಡೆ. ಮನ್ಯಾಗ ಕೇಳಿದ ಸಪ್ಪಳ ಅದ.

ಲೆಕ್ಕಪತ್ರ ಬರಕೊಳ್ಳೂ ಮೇಡಂ ಒಬ್ಬಾಕಿ ಹಾಜರಿ ಕೂಗಿದ್ಳು, ಸಾಲ್ಯಾಗ ಕೂಗಿದಂಗ. ಒಬ್ಬೊಬ್ಬರೂ "ಹಾಜರ್" ಅಂದ್ರು. ನಿಮ್ಮ ಹೆಸರು ಕೂಗಿದ್ಳು. ಯಾರೂ ಏನೂ ಅನ್ನಲಿಲ್ಲ. ಗೌಡ ಮ್ಯಾಲಿನ ಕುರ್ಚಿಯಿಂದ ಮರಿ ಕಡೆ ನೋಡಿ ಹುಬ್ಬು ಹಾರಿಸಿದ. ಮೇಡಂ ಮತ್ತೊಂದು ಸಲ ಕೂಗಿದ್ಳು. ಮರಿ ಬಾಯಿ ತಗದ... ತಗದು ಹಂಗ ಹೊಳ್ಳಿ ನನ್ನ ಕಡೆ ನೋಡಿದ. ಆ ಕಣ್ಣು! ತೊಟ್ಟಿಲದಾಗಿನ ಕಣ್ಣು. ಅಂವಗ ಹಾಜರ್ ಅನ್ನಾಕೂ ಆಗವಲ್ದು, ಇಲ್ಲ ಅನ್ನಾಕೂ ಆಗವಲ್ದು. ತನ್ನ ಹೆಸರು ಕೂಗಿದಾಗ ನಾ ಇಲ್ಲ ಅಂತ ಜೀವಂತ ಇದ್ದಾಂವ ಹ್ಯಾಂಗ ಅಂದಾನು? ಅದನ್ನ ಹೇಳೂ ಅಧಿಕಾರ ಇದ್ದಾಕಿ ಅಲ್ಲಿ ನಾನೊಬ್ಬಾಕಿನ.

ನಮ್ಮ ಮದಿವಿ ದಿನಾ ನೆನಪಾತು. ಹೊಸ್ತಿಲದಾಗ ನಿಮ್ಮ ಅಕ್ಕತಂಗೇರು ಅಡ್ಡಗಟ್ಟಿ ನಿಂತು, "ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ" ಅಂದಿದ್ರು. ಒಡಪು ಕಟ್ಟಿ ಹೇಳಿದ್ರ ಗಂಡನ ಹೆಸರು ಬಾಯಿಲೆ ತಂದ್ರೂ ನಡೀತೈತಲ್ರಿ. ನಾ ನಾಚಿ, ಲಾಳಿಗಿ ನೂಲು ಚಂದ, ಸೀರಿಗಿ ಸೆರಗು ಚಂದ ಅಂತ ಏನೋ ಕಟ್ಟಿ ಹೇಳಿದ್ದೆ. ನೀವು ತಲಿ ಬಾಗಿಸಿ ನಕ್ಕಿದ್ರಿ. ಆ ಮ್ಯಾಲ ಯಾರ ಸೀಮಂತದಾಗೋ ಒಮ್ಮೆ, ಅಷ್ಟ. ಅವತ್ತ ಆ ಮೀಟಿಂಗಿನ್ಯಾಗ ಎದ್ದು ನಿಂತೆ. ಸೆರಗು ತಲಿ ಮ್ಯಾಲ ಹೊತ್ತುಕೊಂಡು, ಜೋರಲೆ ಹೇಳಿದೆ:

"ಕುರ್ಚಿಗಿ ಕಾಲು ನಾಕು,
ಹೊತ್ತವರು ಮಂದಿ ನಾಕು,
ಕುಣ್ಯಾಗ ಕುಂತ ಸಂಗಪ್ಪನವರಿಗಿ
ಕುರ್ಚಿ ಯಾತಕ್ಕ ಬೇಕು?"

ಚಾ ಕಪ್ಪು ಹಿಡದು ನಿಂತಿದ್ದ ಹೆಣಮಗಳು ಒಬ್ಬಾಕಿ "ಯವ್ವಾ..." ಅಂತ ಬಾಯಿಗಿ ಸೆರಗು ಹಿಡದ್ಳು. ಆಕೀಗಿ ತಿಳೀತು. ಮೇಡಂಗ ಅರ್ಧಾ ತಿಳೀತು. "ಏನಂತಾರ್ರಿ ಇವರು?" ಅಂತ ಗೌಡನ್ನ ಕೇಳಿದ್ಳು. "ವಯಸ್ಸಾಗೈತಿ ಮೇಡಂ, ಅರಳು ಮರಳು. ಮುಂದಿನ ಹೆಸರು ಕೂಗ್ರಿ" ಅಂದ ಗೌಡ.

"ಗೌಡ್ರ" ಅಂದೆ ನಾ. "ನನಗ ಅರಳು ಮರಳು, ಒಪ್ಪಿದೆ. ನಿಮಗ ಚಲೋ ನೆನಪಿರಬೇಕು. ನಮ್ಮ ಮನಿಯವರ ಕುಣಿಗಿ ಒಂದು ಹಿಡಿ ಮಣ್ಣು ಹಾಕಿದ್ರಲ್ಲ, ಅದು ಯಾರ ಮ್ಯಾಲ ಹಾಕಿದ್ರಿ? ಅಲ್ಲಿ ಕುಂತಿದ್ದವರು ಯಾರು? ಹೇಳ್ರಿ, ಮೇಡಂ ಬರಕೋತಾರ."

ಗೌಡ ತನ್ನ ಮುಂದಿನ ಹಾಳಿ ತಿರುವಾಕತ್ತಿದ. ಮರಿ ಎದ್ದ. ಜಾಕೀಟಿನ ಗುಂಡಿ ಬಿಚ್ಚಿದ, ಕುರ್ಚಿ ಬೆನ್ನಿಗಿ ತಗುಲಿಸಿದ. "ನಾ ಅವರ ಮೊಮ್ಮಗ್ರಿ ಮೇಡಂ. ಹೆಸರು ನಂದೂ ಅದ. ಈ ಆರ್ಡರ್ ನಂದಲ್ಲ" ಅಂದ. ಮೇಡಂ ಪೆನ್ನು ಕೆಳಗಿಟ್ಳು, ಗೌಡನ್ನ ನೋಡಿದ್ಳು, ಮತ್ತ ಪೆನ್ನು ತಗೊಂಡ್ಳು. ಗುಡೂರಿನ ಡೈರೆಕ್ಟರ್ ಇಲ್ಲ, ಗುಡೂರಿನ ಜಾಗಾದ ವಿಷಯ ಈಗ ಬರೂದಿಲ್ಲ ಅಂತ ಬರದು ಎಲ್ಲಾರಿಗೂ ಓದಿ ಹೇಳಿದ್ಳು. ಗೌಡ ಮೇಜು ಬಡದ, ಏನೇನೋ ಅಂದ. ಆಕಿ ಬರದದ್ದು ಒರಸಲಿಲ್ಲ.

ಹೊಳ್ಳಿ ಬರಾಕ ಗಾಡಿ ಇರಲಿಲ್ಲ, ಅದು ಯಾವಾಗೋ ಹೋಗಿತ್ತು. ಬಸ್ಸಿಗಿ ಬಂದ್ವಿ. ಜಾಕೀಟು ನನ್ನ ತೊಡಿ ಮ್ಯಾಲ ಇತ್ತು, ಕೂಸಿನಂಗ. ಅಮೀನಗಡದಾಗ ಅಂವ ಇಳದು ಕರದಂಟು ತಂದ. "ನಿಮ್ಮ ಗಂಡನ ಕುರ್ಚಿ ಹೋತು ಆಯಿ, ಬಾಯಿ ಸಿಹಿ ಮಾಡ್ರಿ" ಅಂದ. ಇಬ್ಬರೂ ನಕ್ಕು ನಕ್ಕು ಕಣ್ಣೀರು ಬಂತು. ಆಮ್ಯಾಲ ಬರೇ ಕಣ್ಣೀರು ಬಂತು.

ಗೆದ್ದೆ ಅಂತ ಅನಕೋಬ್ಯಾಡ್ರಿ. ರತ್ನಾ ಇನ್ನೂ ನನ್ನ ತಾಟಿಗಿ ರೊಟ್ಟಿ ಒಗೀತಾಳ, ಇಡೂದಿಲ್ಲ. ಗೌಡ ಮತ್ತೊಬ್ಬನ ಹೆಸರು ಕಳಿಸ್ಯಾನಂತ, ಅಂವ ಜೀವಂತ ಅದಾನಂತ. ಶೆಡ್ಡು ಎಷ್ಟು ದಿನಾ ಉಳೀತೈತೋ... ಖರೆ ಮಾಬೂಬಿ ಏನಂದಾಳ ಗೊತ್ತೇನು? ಹೊಸ ಡೈರೆಕ್ಟರ್ ಯಾರ ಬರಲಿ, ಮೊದಲು ಶೆಡ್ಡಿಗಿ ಕರಸತೇವಿ, ಎರಡೂ ಕೈ ಬಣ್ಣದ ಹಂಡೇದಾಗ ಅದ್ದಸತೇವಿ, ಆಮ್ಯಾಲ ಮೀಟಿಂಗಿಗಿ ಕಳಸತೇವಿ ಅಂದಾಳ. "ಕೈ ಎತ್ತಿದ್ರ ಯಾರ ಕೈ ಅಂತ ಬಾಗಲಕೋಟಿಗೆಲ್ಲಾ ಕಾಣಬೇಕು ನೀಲವ್ವಾ" ಅಂದ್ಳು. ಹೆಂಗಸರೆಲ್ಲಾ ಹೂಂ ಅಂದಾರ. ನಾನೂ ಅಂದೇನಿ. ಆ ಬಣ್ಣ ಹೋಗೂದಿಲ್ಲ, ನಿಮಗ ಗೊತ್ತಲ್ಲ. ಅಂವ ಬಂದ ದಿನಾ ನಿಮ್ಮ ಪರವಾಗಿ ನಾ ಅಲ್ಲಿರತೇನಿ, ಇದೊಂದು ಮಾತು ಕೊಡ್ತೇನಿ ನಿಮಗ.

ಇನ್ನೊಂದು ಸುದ್ದಿ ಉಳದೈತಿ. ಹೇಳಬೇಕೋ ಬ್ಯಾಡೋ ಅಂತ ಇಷ್ಟೊತ್ತು ಬರದೆ. ಒಮ್ಮೆ ನಿಮ್ಮ ಹೆಸರು ಅಷ್ಟು ಮಂದಿ ಮುಂದ ಬಾಯಿಂದ ಬಿದ್ದ ಮ್ಯಾಲ ನನ್ನ ನಾಲಿಗಿ ಹಗೂರಾಗೈತ್ರಿ. ನಿನ್ನೆ ಊಟಕ್ಕ ಕರಿಯೂ ಮುಂದ ಮರಿ ಅನ್ನಲಿಲ್ಲ. ಬಾಗಲದಾಗ ನಿಂತು "ಸಂಗಪ್ಪಾ" ಅಂತ ಒದರಿದೆ. ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತು ಹೋತು. ಅಂಗಳದಾಗಿಂದ ಅಂವ ಅವಸರ ಮಾಡಿ ಬಂದ, ಚಪ್ಪಲಿ ಸುದ್ದಾ ಬಿಡಲಿಲ್ಲ. "ಏನಂದಿ ಆಯಿ? ಮತ್ತೊಂದು ಸಲ ಅನ್ನು" ಅಂದ. ಅಂದೆ. ರೀ ಹಚ್ಚಿ ಅಂದೆ.

ಅಂದ ಮ್ಯಾಲ ನಾ ಮಗ್ಗದ ಖೋಲಿ ಕಡೆ ಕಿವಿ ಕೊಟ್ಟು ನಿಂತೆ. ಆರ್ಡರ್ ಬಂದಾಗಿಂದ ದಿನಾ ಬರತಿದ್ದ ಸಪ್ಪಳ ಬರಲಿಲ್ಲ. ಹಲಗಿ ಇಲ್ಲ, ಲಾಳಿ ಇಲ್ಲ. ಹೋಗಿ ಕುಂತ್ರೇನ್ರಿ ನಿಮ್ಮ ಜಾಗಾದಾಗ? ಚಲೋ ಆತು. ಆರಾಮ ಕುಂಡ್ರರಿ, ಇನ್ನ ನಿಮ್ಮನ್ನ ಯಾರೂ ಎಬ್ಬಸೂದಿಲ್ಲ. ನಾನ ಹೇಳಿ ಕಳಿಸಿದ್ದು, ನಾನ ಬೇಡಿದ್ದು ಅದು. ಆದ್ರೂ ಕೇಳ್ತೇನಿ. ಇಷ್ಟು ವರ್ಷಕ್ಕ ನಿಮ್ಮ ನೀಲವ್ವ ನಿಮ್ಮ ಹೆಸರು ಹಿಡದು ಕರದಾಗ, ಒಂದು ಸಲ ಓ ಅಂದಿದ್ರ ಏನಾಕ್ಕಿತ್ರಿ?